ವೇರಿಕೋಸೀಲ್: ಎರಡು ಸಾವಿರ ವರ್ಷಗಳ ಒಂದು ಚಿಕಿತ್ಸೆಯ ಚರಿತ್ರೆ

ಮದುವೆಯಾಗಿ ಒಂದೆರಡು ವರ್ಷ ಕಳೆದರೂ ಮಕ್ಕಳಾಗದಿದ್ದರೆ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಹೆಣ್ಣು. ಮದ್ದು, ಪರೀಕ್ಷೆ, ನೆಂಟರಿಷ್ಟರ ಚುಚ್ಚುಮಾತು ಎಲ್ಲವೂ ಅವಳ ಪಾಲಿಗೆ. ಗಂಡನನ್ನು ಪರೀಕ್ಷಿಸುವ ಮಾತೆತ್ತುವುದೇ ಅವಮಾನವೆಂದು ತಿಳಿಯುವ ಮನೆಗಳು ಇಂದಿಗೂ ಇವೆ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ವಿಷಯದಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಅಂಥ ಕಾರಣಗಳಲ್ಲಿ ಸರಿಪಡಿಸಬಹುದಾದ ಒಂದು ವೇರಿಕೋಸೀಲ್. ಇದರ ಚರಿತ್ರೆಯನ್ನು ವಿದ್ಯಾರ್ಥಿಗಳು ತಿಳಿದಿರುವುದು ಒಳ್ಳೆಯದು.

ಏನಿದು?

ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ಅಭಿಧಮನಿಗಳಲ್ಲಿ ರಕ್ತ ಹಿಂದಕ್ಕೆ ಇಳಿಯದಂತೆ ತಡೆಯುವ ಕವಾಟಗಳಿರುತ್ತವೆ. ಅವು ದುರ್ಬಲವಾದಾಗ ರಕ್ತ ಕೆಳಗೆ ನಿಂತು, ನಾಳಗಳು ಉಬ್ಬಿ, ಎರೆಹುಳುಗಳ ಗಂಟಿನಂತೆ ಕೈಗೆ ಸಿಗುತ್ತವೆ. ಎಡಗಡೆಯ ನಾಳವು ಮೂತ್ರಪಿಂಡದ ನಾಳವನ್ನು ಲಂಬಕೋನದಲ್ಲಿ ಸೇರುವುದರಿಂದ ತೊಂದರೆ ಹೆಚ್ಚಾಗಿ ಕಾಣುವುದು ಎಡಕ್ಕೇ. ವೀರ್ಯಾಣು ಉತ್ಪತ್ತಿಗೆ ವೃಷಣದ ಉಷ್ಣತೆ ದೇಹದ ಉಷ್ಣತೆಗಿಂತ 2ರಿಂದ 4 ಡಿಗ್ರಿ ಕಡಿಮೆ ಇರಬೇಕು. ನಿಂತ ರಕ್ತ ಆ ತಂಪನ್ನು ಕೆಡಿಸುತ್ತದೆ. ಸುಮಾರು 15 ಶೇಕಡಾ ಪುರುಷರಲ್ಲಿ ಇದು ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಮಕ್ಕಳಾಗಲು ಅಡ್ಡಿಯೇನೂ ಆಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಕಂಡವರು ಹಲವರು

ಕ್ರಿಸ್ತಶಕ ಒಂದನೇ ಶತಮಾನದಲ್ಲೇ ರೋಮಿನ ಸೆಲ್ಸಸ್ ಈ ಉಬ್ಬಿದ ನಾಳಗಳನ್ನು ವರ್ಣಿಸಿ, ಆ ಬದಿಯ ವೃಷಣ ಇನ್ನೊಂದಕ್ಕಿಂತ ಚಿಕ್ಕದಾಗುವುದನ್ನು ಗುರುತಿಸಿದ್ದನು. ಮುಂದೆ ಸ್ಪೇನಿನ ಕೊರ್ದೊವಾದ ಅಝ್ಝಹ್ರಾವಿ (936–1013) ತಮ್ಮ 30 ಭಾಗಗಳ ‘ಅತ್ತಸ್ರೀಫ್’ ಎಂಬ ಬೃಹತ್ ಗ್ರಂಥದ ಕೊನೆಯ ಭಾಗವನ್ನು ಶಸ್ತ್ರಚಿಕಿತ್ಸೆಗೇ ಮೀಸಲಿಟ್ಟು, ವೃಷಣಚೀಲದ ಊತಗಳ ನಡುವೆ ಇದನ್ನೂ ಬೇರ್ಪಡಿಸಿ ವಿವರಿಸಿದರು. 12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ಆ ಭಾಗವನ್ನು ಲ್ಯಾಟಿನಿಗೆ ಅನುವಾದಿಸಿದ ಬಳಿಕ ಯುರೋಪಿನ ಶಸ್ತ್ರವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು. ಬಂಜೆತನದ ಕಾರಣ ಗಂಡಿನಲ್ಲೂ ಇರಬಹುದೆಂದು ಇಬ್ನ್ ಸೀನಾ ತಮ್ಮ ‘ಅಲ್‌ಕಾನೂನ್’ನಲ್ಲಿ ಬರೆದಿದ್ದರು.

ಹೀಗೆ ಕಾಯಿಲೆಯೂ ಗೊತ್ತಿತ್ತು, ಗಂಡಿನಲ್ಲೂ ದೋಷವಿರಬಹುದೆಂಬ ತಿಳಿವೂ ಇತ್ತು. ಇವೆರಡನ್ನು ಜೋಡಿಸಿ ಪರೀಕ್ಷಿಸುವ ಸಾಧನ ಇರಲಿಲ್ಲ. ವೀರ್ಯಾಣುವನ್ನು ಸೂಕ್ಷ್ಮದರ್ಶಕದಲ್ಲಿ ಲೇವೆನ್‌ಹುಕ್ ಕಂಡದ್ದು 1677ರಲ್ಲಿ. 19ನೇ ಶತಮಾನದಲ್ಲಿ ಲಂಡನ್ನಿನ ಕರ್ಲಿಂಗ್ ಎಂಬ ಶಸ್ತ್ರವೈದ್ಯರು ವೇರಿಕೋಸೀಲ್ ಇರುವ ವೃಷಣದ ಕಾರ್ಯ ಕುಂದುವುದೆಂದು ಬರೆದರು. 1889ರಲ್ಲಿ ಬೆನೆಟ್ ಎಂಬವರು ಶಸ್ತ್ರಚಿಕಿತ್ಸೆಯ ನಂತರ ವೀರ್ಯದ ಗುಣಮಟ್ಟ ಸುಧಾರಿಸಿದ್ದನ್ನು ವರದಿ ಮಾಡಿದರು. ಆದರೂ ನೋವು ಮತ್ತು ಊತ ಕಳೆಯುವುದೇ ಬಹುಕಾಲ ಚಿಕಿತ್ಸೆಯ ಗುರಿಯಾಗಿ ಉಳಿಯಿತು.

1952ರ ತಿರುವು

ಎಡಿನ್‌ಬರೋದ ಟಲ್ಲಕ್ 1952ರಲ್ಲಿ ಒಂದು ಪ್ರಕರಣವನ್ನು ಪ್ರಕಟಿಸಿದರು. ವೀರ್ಯಾಣುಗಳೇ ಇಲ್ಲದಿದ್ದ ಒಬ್ಬ ವ್ಯಕ್ತಿಗೆ ಎರಡೂ ಬದಿಯ ವೇರಿಕೋಸೀಲ್ ಸರಿಪಡಿಸಿದ ಬಳಿಕ ವೀರ್ಯಾಣುಗಳು ಕಾಣಿಸಿಕೊಂಡವು, ಪತ್ನಿ ಗರ್ಭಿಣಿಯಾದರು. ಅಲ್ಲಿಂದ ಈ ಶಸ್ತ್ರಚಿಕಿತ್ಸೆ ಸಂತಾನದ ಚಿಕಿತ್ಸೆಯಾಗಿ ಲೋಕಕ್ಕೆ ಹಬ್ಬಿತು. 1980ರ ದಶಕದ ನಂತರ ಸೂಕ್ಷ್ಮದರ್ಶಕದ ನೆರವಿನಿಂದ ಧಮನಿಯನ್ನೂ ದುಗ್ಧನಾಳಗಳನ್ನೂ ಉಳಿಸಿ, ಕೆಟ್ಟ ನಾಳಗಳನ್ನು ಮಾತ್ರ ಕಟ್ಟುವ ವಿಧಾನ ಬಂತು. ಇದರಿಂದ ಕಾಯಿಲೆ ಮರುಕಳಿಸುವುದು, ನೀರು ತುಂಬುವುದು, ವೃಷಣ ಸೊರಗುವುದು ಬಹಳ ಕಡಿಮೆಯಾದವು.

ಆದರೆ ಒಂದು ಯಶಸ್ಸಿನ ಕಥೆ ಪುರಾವೆಯಾಗದು. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ, ಇದರಿಂದ ಗರ್ಭಧಾರಣೆ ಹೆಚ್ಚುತ್ತದೆ ಎನ್ನಲು ಆಧಾರ ಸಾಲದು ಎಂದಿತು. ಕೈಗೆ ಸಿಗದಷ್ಟು ಸಣ್ಣ ವೇರಿಕೋಸೀಲ್ ಇದ್ದವರನ್ನೂ, ವೀರ್ಯ ಸರಿಯಿದ್ದವರನ್ನೂ ಲೆಕ್ಕಕ್ಕೆ ಸೇರಿಸಿದ್ದು ತಪ್ಪೆಂದು ಇತರರು ವಾದಿಸಿದರು. ಸೌದಿ ಅರೇಬಿಯಾದ ವೈದ್ಯರು 145 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದವರ ಪತ್ನಿಯರಲ್ಲಿ 32.9 ಶೇಕಡಾ, ಆಗದವರ ಪತ್ನಿಯರಲ್ಲಿ 13.9 ಶೇಕಡಾ ಮಂದಿ ಸಹಜವಾಗಿ ಗರ್ಭಿಣಿಯಾದರು. ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕು. ಲಾಭ ನಿಜ. ಆದರೆ ಶಸ್ತ್ರಚಿಕಿತ್ಸೆಯಾದ ಮೂವರಲ್ಲಿ ಇಬ್ಬರ ಮನೆಯಲ್ಲಿ ಆ ಅವಧಿಯೊಳಗೆ ತೊಟ್ಟಿಲು ತೂಗಲಿಲ್ಲ.

ಚರಿತ್ರೆ ಕಲಿಸುವ ಪಾಠ

ವೇರಿಕೋಸೀಲ್ ಕೈಗೆ ಸಿಗುವಂತಿದ್ದು, ವೀರ್ಯಪರೀಕ್ಷೆಯಲ್ಲಿ ಕೊರತೆಯಿದ್ದು, ಮಕ್ಕಳಾಗದೆ ಇರುವವರಿಗೆ ಈ ಚಿಕಿತ್ಸೆಯನ್ನು ಪರಿಗಣಿಸಬೇಕೆಂಬುದು ಇಂದಿನ ಅಭಿಪ್ರಾಯ. ಸ್ಕ್ಯಾನ್‌ನಲ್ಲಿ ಮಾತ್ರ ಕಾಣುವ ಸಣ್ಣ ಉಬ್ಬಿಗೆ ಶಸ್ತ್ರಚಿಕಿತ್ಸೆ ಬೇಡ. ಒಂದು ವೀರ್ಯಾಣು ಬೆಳೆಯಲು ಸುಮಾರು 74 ದಿನ ಬೇಕಾಗುವುದರಿಂದ ಮೂರು ತಿಂಗಳ ನಂತರವೇ ಮರುಪರೀಕ್ಷೆಗೆ ಅರ್ಥ. ಒಂದೆರಡು ತಿಂಗಳ ರಜೆಯಲ್ಲಿ ವಿದೇಶದಿಂದ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ರಜೆ ಮುಗಿಯುವ ಮೊದಲೇ ಫಲ ಕಾಣಲಿಲ್ಲವೆಂದು ನಿರಾಶರಾಗಬೇಕಿಲ್ಲ. ವೃಷಣದಲ್ಲಿ ಹೊಸ ಊತ, ನೋವು ಅಥವಾ ಗಾತ್ರ ಕುಗ್ಗುವುದು ಕಂಡರೆ ನಾಚದೆ ವೈದ್ಯರಿಗೆ ತೋರಿಸಬೇಕು. ಪತ್ನಿಯ ವಯಸ್ಸನ್ನೂ ಆರೋಗ್ಯವನ್ನೂ ಗಮನಿಸಿ, ಬೇರೆ ಚಿಕಿತ್ಸೆ ಬೇಕೇ ಎಂಬುದನ್ನು ಇಬ್ಬರೂ ಕೂತು ನಿರ್ಧರಿಸಬೇಕು.

ಸಾವಿರ ವರ್ಷಗಳ ಹಿಂದೆಯೇ ವಿದ್ವಾಂಸರು ಸಂಕೋಚವಿಲ್ಲದೆ ಬರೆದಿಟ್ಟ ವಿಷಯವನ್ನು ನಾವಿಂದು ಬಾಯಿಬಿಟ್ಟು ಹೇಳಲು ಹಿಂಜರಿಯುತ್ತೇವೆ. ವೀರ್ಯಪರೀಕ್ಷೆ ಸರಳವಾದುದು. ಅದಕ್ಕೆ ಗಂಡ ಒಪ್ಪಿದರೆ ಹೆಂಡತಿಗೆ ಎಷ್ಟೋ ವರ್ಷಗಳ ಮದ್ದು ತಪ್ಪೀತು, ಮಾಡದ ತಪ್ಪಿನ ಹೊರೆಯೂ ಇಳಿದೀತು. ನಾಳೆ ಗಂಡಂದಿರಾಗುವ ಇಂದಿನ ವಿದ್ಯಾರ್ಥಿಗಳು ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.