ಬ್ಯಾಕಪ್ ಮೂಲಕ ಡೇಟಾಬೇಸ್ ಸ್ಥಳಾಂತರ: ಪೋಸ್ಟ್‌ಗ್ರೆಸ್‌ನ ಎರಡು ಪ್ರಸಂಗಗಳ ಪರಿಶೀಲನೆ

ಬಳಕೆಯಲ್ಲಿರುವ ಡೇಟಾಬೇಸನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸುವುದನ್ನು ನಕಲು ತೆಗೆಯುವ ಕೆಲಸವೆಂದೇ ಬಹುತೇಕರು ಭಾವಿಸುತ್ತಾರೆ. ಬ್ಯಾಕಪ್ ತೆಗೆದು, ಹೊಸ ಯಂತ್ರದಲ್ಲಿ ಇಳಿಸಿ, ಬಳಕೆದಾರರನ್ನು ಅತ್ತ ತಿರುಗಿಸಿದರೆ ಮುಗಿಯಿತು ಎಂಬ ಲೆಕ್ಕ. ಆದರೆ ಬ್ಯಾಕಪ್ ನಿಜವಾಗಿಯೂ ಇದೆಯೇ ಎಂಬುದು ಮರುಸ್ಥಾಪಿಸಿದಾಗ ಮಾತ್ರ ತಿಳಿಯುತ್ತದೆ. ಮರುಸ್ಥಾಪಿಸಿದ ಡೇಟಾಬೇಸ್ ಸರಿಯಿದೆಯೇ ಎಂಬುದು ಅದರಿಂದ ಬರುವ ಉತ್ತರಗಳನ್ನು ತಾಳೆ ನೋಡಿದಾಗ ಮಾತ್ರ ತಿಳಿಯುತ್ತದೆ. ಈ ಎರಡು ಮಾತುಗಳನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಇತಿಹಾಸದ ಎರಡು ಪ್ರಸಂಗಗಳ ಆಧಾರದಲ್ಲಿ ಇಲ್ಲಿ ಪ್ರತಿಪಾದಿಸಲಾಗಿದೆ.

ಪೋಸ್ಟ್‌ಗ್ರೆಸ್‌ನಲ್ಲಿ ಬ್ಯಾಕಪ್‌ಗೆ ಎರಡು ದಾರಿಗಳಿವೆ. ಪಿಜಿ ಡಂಪ್ ಉಪಕರಣವು ಕೋಷ್ಟಕಗಳನ್ನೂ ಸಾಲುಗಳನ್ನೂ ಒಂದು ಕ್ಷಣದ ಸುಸಂಗತ ಸ್ಥಿತಿಯಲ್ಲಿ ಓದಿ ಬರೆದಿಡುತ್ತದೆ. ಇಳಿಸುವ ಸರ್ವರ್‌ನ ಆವೃತ್ತಿ ಹೊಸದಾಗಿರಲಿ, ಆಪರೇಟಿಂಗ್ ಸಿಸ್ಟಂ ಬದಲಾಗಲಿ, ಈ ನಕಲು ಅಲ್ಲಿ ನಡೆಯುತ್ತದೆ. ಮರುಸ್ಥಾಪಿಸುವಾಗ ಪ್ರತಿ ಇಂಡೆಕ್ಸನ್ನೂ ಹೊಸದಾಗಿ ಕಟ್ಟಬೇಕಾದ್ದರಿಂದ ದೊಡ್ಡ ಡೇಟಾಬೇಸ್‌ಗೆ ಗಂಟೆಗಟ್ಟಲೆ ಸಮಯ ಹಿಡಿಯುತ್ತದೆ. ಬಳಕೆದಾರರ ಖಾತೆಗಳು ಇದರಲ್ಲಿ ಸೇರುವುದಿಲ್ಲ. ಅವನ್ನು ಬೇರೆಯಾಗಿ ತೆಗೆಯಬೇಕು. ಎರಡನೆಯದು ಕಡತಗಳ ಭೌತಿಕ ನಕಲು. ಡೇಟಾಬೇಸ್ ಓಡುತ್ತಿರುವಾಗಲೇ ಮೂಲ ನಕಲು ತೆಗೆದು, ಆಮೇಲಿನ ಬದಲಾವಣೆಗಳನ್ನು ‘ವಾಲ್’ ಎಂಬ ಲಾಗ್ ಕಡತಗಳಿಂದ ಮತ್ತೆ ನಡೆಸುವ ಈ ಸೌಲಭ್ಯ 2005ರಲ್ಲಿ ಬಂದ 8.0 ಆವೃತ್ತಿಯಿಂದ ಇದೆ. ಸ್ಥಳಾಂತರಕ್ಕೆ ಇದು ದೊಡ್ಡ ವರ. ಮೂಲ ನಕಲನ್ನು ಕೆಲವು ದಿನ ಮೊದಲೇ ಹೊಸ ಸರ್ವರ್‌ನಲ್ಲಿ ಇಳಿಸಿ, ಲಾಗ್‌ಗಳನ್ನು ಬಂದಂತೆಲ್ಲ ಅನ್ವಯಿಸುತ್ತ ಹೋಗಬಹುದು. ನಿಗದಿತ ದಿನ ಹಳೆಯದರಲ್ಲಿ ಬರವಣಿಗೆ ನಿಲ್ಲಿಸಿ, ಕೊನೆಯ ಲಾಗ್ ಅನ್ವಯಿಸಿದರೆ ಸೇವೆ ನಿಲ್ಲುವುದು ಕೆಲವೇ ನಿಮಿಷ. ಎರಡೂ ಕಡೆ ಒಂದೇ ಮುಖ್ಯ ಆವೃತ್ತಿ ಇರಬೇಕೆಂಬುದು ಇದರ ಷರತ್ತು.

ಮೊದಲ ಪ್ರಸಂಗ ಗಿಟ್‌ಲ್ಯಾಬ್ ಸಂಸ್ಥೆಯದು. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರ್ ಒಬ್ಬರು ಪ್ರತಿಕೃತಿ ಸರ್ವರ್ ಎಂದುಕೊಂಡು ಮುಖ್ಯ ಸರ್ವರ್‌ನ ದತ್ತಾಂಶ ಕೋಶವನ್ನೇ ಅಳಿಸಿದರು. ಸುಮಾರು 300 ಜಿಬಿ ಹೋಯಿತು. ದಿನನಿತ್ಯದ ಬ್ಯಾಕಪ್ ಹುಡುಕಿದರೆ ಸಂಗ್ರಹ ಖಾಲಿ. ಪೋಸ್ಟ್‌ಗ್ರೆಸ್ ಸರ್ವರ್ 9.6 ಆವೃತ್ತಿಯದು, ಬ್ಯಾಕಪ್ ತೆಗೆಯಲು ಓಡುತ್ತಿದ್ದ ಪಿಜಿ ಡಂಪ್ 9.2ರದು. ಅದು ಪ್ರತಿ ಸಲವೂ ದೋಷ ತೋರಿಸಿ ನಿಲ್ಲುತ್ತಿತ್ತು, ಆ ದೋಷವನ್ನು ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಸಂಸ್ಥೆಯನ್ನು ಉಳಿಸಿದ್ದು ಆರು ಗಂಟೆ ಹಿಂದೆ ಪರೀಕ್ಷಾ ಸರ್ವರ್‌ಗಾಗಿ ತೆಗೆದಿದ್ದ ಒಂದು ಡಿಸ್ಕ್ ಸ್ನ್ಯಾಪ್‌ಶಾಟ್. ಅದನ್ನು ಹಿಂದಕ್ಕೆ ನಕಲಿಸಲು ಸುಮಾರು 18 ಗಂಟೆ ಬೇಕಾಯಿತು. ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ಎಂಜಿನಿಯರ್‌ನ ಕೈತಪ್ಪು. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಬೇರೆ: ಬ್ಯಾಕಪ್ ಎಂದು ಹೆಸರಿಟ್ಟುಕೊಂಡದ್ದು ಇರಲೇ ಇಲ್ಲ, ಇನ್ನೊಂದು ಯಂತ್ರದಲ್ಲಿ ಇಳಿಸಿ ಬಳಸಲೆಂದು ತೆಗೆದ ನಕಲು ಕೈಹಿಡಿಯಿತು.

ಎರಡನೆಯದು ಇನ್ನೂ ಸೂಕ್ಷ್ಮ. ಪೋಸ್ಟ್‌ಗ್ರೆಸ್ ಪಠ್ಯವನ್ನು ವಿಂಗಡಿಸಲು ಸಾಮಾನ್ಯವಾಗಿ ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿಯ ನಿಯಮಗಳನ್ನು ನೆಚ್ಚಿಕೊಂಡಿರುತ್ತದೆ. 2018ರ ಆಗಸ್ಟ್‌ನಲ್ಲಿ ಬಂದ 2.28 ಆವೃತ್ತಿ ಆ ನಿಯಮಗಳನ್ನು ವ್ಯಾಪಕವಾಗಿ ಬದಲಿಸಿತು. ಅಮೆರಿಕನ್ ಇಂಗ್ಲಿಷ್ ಲೊಕೇಲ್‌ನಲ್ಲಿ ‘11’ ಮೊದಲು, ‘1-1’ ಆಮೇಲೆ ಬರುತ್ತಿದ್ದದ್ದು ತಿರುವುಮುರುವಾಯಿತು. ಡೆಬಿಯನ್ 9ರಿಂದ 10ಕ್ಕೆ, ರೆಡ್ ಹ್ಯಾಟ್ 7ರಿಂದ 8ಕ್ಕೆ ಭೌತಿಕ ಬ್ಯಾಕಪ್ ಒಯ್ದವರು ಈ ಗಡಿಯನ್ನು ದಾಟಿದರು. ಕಡತದ ಒಂದು ಬೈಟ್ ಕೂಡ ಕೆಟ್ಟಿರುವುದಿಲ್ಲ, ಚೆಕ್‌ಸಮ್ ಸರಿಹೊಂದುತ್ತದೆ, ಸರ್ವರ್ ಏಳುತ್ತದೆ. ಆದರೆ ಇಂಡೆಕ್ಸ್ ಹಳೆಯ ಕ್ರಮದಲ್ಲಿ ಜೋಡಣೆಯಾಗಿದೆ, ಹುಡುಕಾಟ ಹೊಸ ಕ್ರಮದಲ್ಲಿ ನಡೆಯುತ್ತದೆ. ಅಕ್ಷರಗಳ ಕ್ರಮವನ್ನೇ ಬೇರೆಯಾಗಿ ಕಲಿತವನ ಕೈಗೆ ನಿಘಂಟು ಕೊಟ್ಟಂತೆ. ಇರುವ ಸಾಲು ಇಲ್ಲವೆಂದು ಉತ್ತರ ಬರಬಹುದು. ಅನನ್ಯವಾಗಿರಬೇಕಾದ ಹೆಸರು ಎರಡು ಸಲ ಸೇರಿಕೊಳ್ಳಬಹುದು. ಹೆಸರುಗಳನ್ನು ಕನ್ನಡ ಅಕಾರಾದಿಯಲ್ಲಿ ಜೋಡಿಸುವ ಡೇಟಾಬೇಸ್ ಇದೇ ಲೈಬ್ರರಿಯನ್ನು ಅವಲಂಬಿಸಿದ್ದರೆ ಅದಕ್ಕೂ ಇದೇ ಎಚ್ಚರಿಕೆ ಬೇಕು. ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ಮತ್ತೆ ಕಟ್ಟುವುದು, ಇಲ್ಲವೇ ಮೊದಲೇ ಪಿಜಿ ಡಂಪ್ ದಾರಿ ಹಿಡಿಯುವುದು ಇದಕ್ಕೆ ಪರಿಹಾರ. 2022ರ 15ನೇ ಆವೃತ್ತಿಯಿಂದ ಡೇಟಾಬೇಸ್ ಮಟ್ಟದಲ್ಲಿಯೂ ಇಂಥ ವ್ಯತ್ಯಾಸವನ್ನು ಪೋಸ್ಟ್‌ಗ್ರೆಸ್ ತಾನೇ ಎಚ್ಚರಿಸುತ್ತದೆ. ಆದರೆ ಎಚ್ಚರಿಕೆ ದಾಖಲಾಗುವುದು ಒಂದು, ಅದನ್ನು ಯಾರಾದರೂ ಓದುವುದು ಇನ್ನೊಂದು.

ಸರ್ವರ್ ಚಾಲೂ ಆಯಿತೆಂಬುದನ್ನೇ ಯಶಸ್ಸಿನ ಅಳತೆ ಮಾಡಿಕೊಂಡ ಯೋಜನೆ ಎರಡನೆಯ ಪ್ರಸಂಗವನ್ನು ಹಿಡಿಯಲಾರದು. ಆಮ್‌ಚೆಕ್ ವಿಸ್ತರಣೆಯಿಂದ ಇಂಡೆಕ್ಸ್‌ಗಳ ಕ್ರಮ ಪರೀಕ್ಷಿಸುವುದು, ಸಾಲುಗಳ ಎಣಿಕೆಯನ್ನೂ ಆಯ್ದ ಪ್ರಶ್ನೆಗಳ ಉತ್ತರಗಳನ್ನೂ ಎರಡೂ ಕಡೆ ಹೋಲಿಸುವುದು ಕನಿಷ್ಠ ಅಗತ್ಯ. ಹೊಸ ಸರ್ವರ್‌ನಲ್ಲಿ ಬರವಣಿಗೆ ಶುರುವಾದ ಕ್ಷಣದಿಂದ ಹಳೆಯದು ಹಿಂದೆ ಬೀಳುತ್ತದೆ. ಆಮೇಲೆ ಹಿಂದಿರುಗಿದರೆ ದತ್ತಾಂಶ ಕಳೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಸ್ಥಳಾಂತರದ ಯೋಜನೆ ಬರೆಯುವವರು ಈ ಪರಿಶೀಲನೆಗೆ ಬೇಕಾದ ಹೊತ್ತನ್ನು ಸೇವೆ ನಿಲ್ಲುವ ಅವಧಿಯೊಳಗೇ ಸೇರಿಸಬೇಕು, ಇಡೀ ಕ್ರಮವನ್ನು ಒಮ್ಮೆಯಾದರೂ ನಿಜವಾದ ಬ್ಯಾಕಪ್‌ನಿಂದ ಮೊದಲೇ ನಡೆಸಿ ನೋಡಬೇಕು.