ಕಡಲು ಹಾಸಿದ ಕಲ್ಲು, ನದಿ ತೆರೆದ ನೆಲ: ಕಲಬುರಗಿ–ಕಮಲಾಪುರ ಭೂರೂಪದ ಚರಿತ್ರೆ

ನೆಲದ ರೂಪವನ್ನು ಕಡಲು, ನದಿ, ಹಿಮ ಮೂರೂ ತಿದ್ದುತ್ತವೆ. ಭಾರತದಲ್ಲಿ ಪುರಾತನ ಹಿಮದ ಗುರುತು ಕಂಡದ್ದು ಒಡಿಶಾದ ತಾಲ್ಚೇರ್‌ನಲ್ಲಿ. 1856ರಲ್ಲಿ ಭೂವಿಜ್ಞಾನಿಗಳಾದ ಬ್ಲಾನ್‌ಫರ್ಡ್ ಸಹೋದರರೂ ಥಿಯೋಬಾಲ್ಡರೂ ಅಲ್ಲಿನ ಗುಂಡುಕಲ್ಲಿನ ಪದರವನ್ನು ಹಿಮದ ಕೆಲಸವೆಂದು ವಿವರಿಸಿದರು. ಆದರೆ ಕಲಬುರಗಿ ಸೀಮೆಯನ್ನು ರೂಪಿಸಿದ್ದು ಹಿಮವಲ್ಲ; ಕಡಲು, ಲಾವಾ ಮತ್ತು ನದಿ. ಇಲ್ಲಿನ ಮಣ್ಣು, ಬೆಳೆ, ಕಟ್ಟಡಗಳೆಲ್ಲ ಈ ಮೂರರ ಫಲ ಎಂಬುದು ಈ ಲೇಖನದ ಪ್ರತಿಪಾದನೆ.

ಇಲ್ಲಿನ ಸುಣ್ಣಕಲ್ಲಿನ ಶ್ರೇಣಿಗೆ ಭೀಮಾ ನದಿಯ ಹೆಸರಿಟ್ಟವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್, 1872ರಲ್ಲಿ. ನಾಲ್ಕು ವರ್ಷಗಳ ಬಳಿಕ ರಾಬರ್ಟ್ ಬ್ರೂಸ್ ಫೂಟ್ ಅದನ್ನು ವಿವರವಾಗಿ ವರ್ಣಿಸಿದರು. ಇದು ಪ್ರೋಟೆರೊಜೋಯಿಕ್ ಯುಗದ ಶ್ರೇಣಿ. ಅತ್ಯಂತ ಕೆಳಗೆ ಗ್ರಾನೈಟ್ ಮತ್ತು ನೈಸ್; ಅದರ ಮೇಲೆ ಉರುಟುಗಲ್ಲು ಬೆಸೆದ ಪದರ, ಮರಳುಗಲ್ಲು, ಜೇಡಿಗಲ್ಲು, ಕೊನೆಗೆ ಸುಣ್ಣಕಲ್ಲು. ದಂಡೆಯಲ್ಲಿ ಉರುಟುಗಲ್ಲು, ಮರಳು ಕೂಡುತ್ತವೆ. ನೀರು ಶಾಂತವಾದಲ್ಲಿ ಸುಣ್ಣದ ಕೆಸರು ತಂಗುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ಓದಿದರೆ, ಆಳವಿಲ್ಲದ ಕಡಲು ಒಳನಾಡಿಗೆ ಏರಿಬಂದದ್ದು ತಿಳಿಯುತ್ತದೆ. ಶಹಾಬಾದಿನ ಖಣಿಯಲ್ಲಿ ಕೆಲಸಗಾರರು ಪದರದ ಸಂದಿಗೆ ಉಳಿಯಿಟ್ಟು ಸುತ್ತಿಗೆ ಬಡಿದರೆ ಪರಸಿ ಮಟ್ಟಸವಾಗಿ ಎದ್ದುಬರುತ್ತದೆ. ಆ ಸಮತಲವೇ ಕಡಲ ತಳದ ಕೆಸರಿನ ಮಟ್ಟ.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೆಕ್ಕನ್ ಲಾವಾ ಹರಿದು ಈ ಸುಣ್ಣಕಲ್ಲಿನ ಉತ್ತರ ಭಾಗವನ್ನು ಮುಚ್ಚಿತು. ಕಲಬುರಗಿ ನಗರ ನಿಂತಿರುವುದು ಆ ಲಾವಾ ತಣಿದು ಆದ ಕಪ್ಪುಕಲ್ಲಿನ ಮೇಲೆ. ಅದು ಸವೆದು ಎರೆಮಣ್ಣಾಯಿತು, ತೊಗರಿಯ ನಾಡಾಯಿತು. ಕಮಲಾಪುರದತ್ತ ಸಾಗಿದರೆ ಮಣ್ಣು ಕೆಂಪಾಗುತ್ತದೆ. ಬಿಸಿಲು ಮಳೆಗಳ ದೀರ್ಘ ಸರದಿಯಲ್ಲಿ ಕಲ್ಲಿನ ಕರಗುವ ಅಂಶಗಳು ತೊಳೆದುಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದಾಗ ಇಂಥ ಮಣ್ಣು ಹುಟ್ಟುತ್ತದೆ. ಭೌಗೋಳಿಕ ಸೂಚಕ ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು ಈ ಮಣ್ಣಿನಲ್ಲೇ.

ಮುಚ್ಚಿದ್ದನ್ನು ಮತ್ತೆ ತೆರೆದದ್ದು ನದಿಗಳು. ಕುರಿಕೋಟಾ ಸೇತುವೆಯಡಿ ಹರಿಯುವ ಬೆಣ್ಣೆತೊರೆ ಮುಂದೆ ಕಾಗಿಣಾವನ್ನು ಸೇರುತ್ತದೆ, ಕಾಗಿಣಾ ಭೀಮೆಯನ್ನು. ಈ ಹೊಳೆಗಳು ಲಾವಾದ ಅಂಚನ್ನು ಕೊರೆದು ಹಿಂದೆ ಸರಿಸುತ್ತ ಬಂದುದರಿಂದಲೇ ದಕ್ಷಿಣದಲ್ಲಿ ಸುಣ್ಣಕಲ್ಲು ಹೊರಬಿದ್ದಿತು. ಕಾಗಿಣಾ ದಂಡೆಯ ಮಳಖೇಡದ ಕೋಟೆ ಆ ಕಲ್ಲಿನಿಂದಲೇ ಎದ್ದಿತು. ಇಂದಿನ ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳೂ ಅದನ್ನೇ ನಂಬಿವೆ.

ಮಳಖೇಡದ ಕೋಟೆಗೆ ಕೊಡುವ ಚಾರಿತ್ರಿಕ ಬೆಲೆಯನ್ನು ಅದರ ಕಲ್ಲು ಹುಟ್ಟಿದ ಖಣಿಗೂ ಕೊಡಬೇಕು. ಕಲ್ಲು ತೆಗೆದು ಕೈಬಿಟ್ಟ ಖಣಿಗಳಲ್ಲಿ ಒಂದೆರಡರ ಗೋಡೆಗಳನ್ನಾದರೂ ಮುಚ್ಚದೆ ಉಳಿಸಿ, ಪದರಗಳಿಗೆ ಕನ್ನಡದಲ್ಲಿ ಫಲಕ ಹಾಕಿದರೆ, ಈ ಸೀಮೆಯ ಮಕ್ಕಳು ಕಡಲ ಚರಿತ್ರೆಯನ್ನು ತಮ್ಮೂರಿನಲ್ಲೇ ಕಲಿಯಬಲ್ಲರು.