ದೇನಿಯಾ: ರಜೆಯ ಊರಿನ ಹಳೆಯ ಕಥೆ

ಯುರೋಪಿನವರಿಗೆ ಬೇಸಿಗೆಯ ರಜೆ ಎಂದರೆ ಸ್ಪೇನ್‌ನ ಕಡಲ ತೀರ. 2024ರ ಒಂದೇ ವರ್ಷದಲ್ಲಿ 9 ಕೋಟಿ 30 ಲಕ್ಷಕ್ಕೂ ಹೆಚ್ಚು ವಿದೇಶಿಯರು ಆ ದೇಶಕ್ಕೆ ಬಂದು ಹೋದರು. ಅವರಲ್ಲಿ ಬಹಳಷ್ಟು ಮಂದಿ ಬಯಸುವುದು ಬಿಸಿಲು, ಮರಳು ಮತ್ತು ಮೀನೂಟ. ಮುಗಿಲೆತ್ತರದ ಹೋಟೆಲುಗಳ ಬೆನಿಡಾರ್ಮ್‌ನ ಗದ್ದಲ ಸಾಕೆನಿಸಿದವರು ಅದೇ ಕರಾವಳಿಯಲ್ಲಿ ಉತ್ತರಕ್ಕಿರುವ ದೇನಿಯಾ ಎಂಬ ಊರಿಗೆ ಹೋಗುತ್ತಾರೆ. ಬೆನ್ನಿಗೆ 753 ಮೀಟರ್ ಎತ್ತರದ ಮೊಂಗೊ ಬೆಟ್ಟ, ಊರ ನಡುವಿನ ಗುಡ್ಡದ ಮೇಲೆ ಕೋಟೆ, ಅದರ ಬುಡದಲ್ಲಿ ಬೆಸ್ತರ ಹಳೆಯ ಕೇರಿ, ಒಂದು ಕಡೆ ಮರಳ ತೀರ, ಇನ್ನೊಂದು ಕಡೆ ಬಂಡೆಗಲ್ಲಿನ ದಡ. ಇಲ್ಲಿನ ಕೆಂಪು ಸಿಗಡಿಗೆ ಸ್ಪೇನ್‌ನಾದ್ಯಂತ ಹೆಸರಿದೆ. 2015ರಲ್ಲಿ ಯುನೆಸ್ಕೊ ಈ ಪಟ್ಟಣವನ್ನು ಅದರ ಅಡುಗೆಗಾಗಿಯೇ ತನ್ನ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿತು.

ಉರ್ದು ಓದಿ ಬೆಳೆದ ನಮಗೆ ಸ್ಪೇನ್ ಎಂದೊಡನೆ ನೆನಪಾಗುವುದು ಈ ಊರಲ್ಲ. ಇಕ್ಬಾಲರು 1933ರಲ್ಲಿ ಕಂಡು ಕವಿತೆ ಬರೆದ ಕುರ್ತುಬಾದ ಮಸೀದಿ, ಗರ್ನಾತಾದ ಅಲ್‌ಹಂಬ್ರಾ ಅರಮನೆ, ಇಷ್ಟಕ್ಕೇ ನಮ್ಮ ಅಂದುಲುಸ್ ಮುಗಿದುಹೋಗುತ್ತದೆ. ಅರಸರು ಕಟ್ಟಿಸಿದ್ದನ್ನು ನೆನೆದು ನಿಟ್ಟುಸಿರು ಬಿಡುತ್ತೇವೆ. ಅಲ್ಲಿ ಗದ್ದೆ ಉತ್ತವರು, ಕಾಲುವೆ ತೋಡಿದವರು ಏನಾದರು ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯ ಉತ್ತರವನ್ನು ಹುಡುಕುವವರು ದೇನಿಯಾದ ದಡಕ್ಕೆ ಬರಬೇಕು.

ರೋಮನ್ನರ ದಿಯಾನಿಯಂ ಅರಬ್ಬರ ಬಾಯಲ್ಲಿ ದಾನಿಯಾ ಆಯಿತು. ಕುರ್ತುಬಾದ ಖಿಲಾಫತ್ ಒಡೆದು ಚೂರಾದ ಕಾಲದಲ್ಲಿ, ಗುಲಾಮ ಮೂಲದಿಂದ ಬಂದ ಮುಜಾಹಿದ್ ಎಂಬ ಸರದಾರ ಇಲ್ಲಿ ಸ್ವತಂತ್ರ ರಾಜ್ಯ ಕಟ್ಟಿದ. ಅವನ ಬಲವೆಲ್ಲ ಹಡಗುಗಳಲ್ಲಿತ್ತು. 1015ರಲ್ಲಿ ಸಾರ್ಡಿನಿಯಾ ದ್ವೀಪದ ಮೇಲೆ ದಂಡೆತ್ತಿ ಹೋಗಿ, ಮರುವರ್ಷವೇ ಸೋತು ಬಂದ. ಆ ಹಡಗುಗಳು ವ್ಯಾಪಾರದ ಜೊತೆಗೆ ಲೂಟಿಯನ್ನೂ ಮಾಡಿದವು. ಅದನ್ನು ನಾವು ಮುಚ್ಚಿಡಬೇಕಾಗಿಲ್ಲ. ಆದರೆ ಅದೇ ದೊರೆ ವಿದ್ವಾಂಸರಿಗೆ ನೆರಳಾಗಿದ್ದ. ಕುರ್‌ಆನಿನ ಏಳು ಬಗೆಯ ಪಠಣ ಕ್ರಮಗಳ ಕುರಿತು 'ಅತ್ತೈಸೀರ್' ಬರೆದ ಅಬೂ ಅಮ್ರ್ ಅದ್ದಾನಿ 1053ರಲ್ಲಿ ಈ ಊರಿನಲ್ಲೇ ತೀರಿಕೊಂಡರು. ಅವರ ಹೆಸರಿನಲ್ಲಿಯೇ ಊರಿದೆ. ಹತ್ತಿರದ ಶಾತಿಬಾದ ಇಮಾಮ್ ಶಾತಿಬಿ ಮುಂದೆ ಆ ಗ್ರಂಥವನ್ನು ಪದ್ಯರೂಪಕ್ಕೆ ತಂದರು. ನಮ್ಮ ಮದ್ರಸಾಗಳಲ್ಲಿ ಕಿರಾಅತ್ ಕಲಿಯುವವರು ಇಂದಿಗೂ ಅದನ್ನು ಓದುತ್ತಾರೆ. ಕಣ್ಣು ಕಾಣದ ಮಹಾ ನಿಘಂಟುಕಾರ ಇಬ್ನ್ ಸೀದಾ ಕೂಡ ಇದೇ ಆಸರೆಯಲ್ಲಿ ಬಾಳಿದವರು.

1244ರಲ್ಲಿ ಅರಾಗಾನ್‌ನ ದೊರೆ ಒಂದನೆಯ ಜೈಮೆಯ ಪಡೆ ದೇನಿಯಾವನ್ನು ಗೆದ್ದುಕೊಂಡಿತು. ರಾಜ್ಯ ಹೋಯಿತು, ಆದರೆ ರೈತರು ಹೋಗಲಿಲ್ಲ. ಒಳನಾಡಿನ ಕಣಿವೆಗಳಲ್ಲಿ ಅವರು ಕ್ರೈಸ್ತ ಜಮೀನ್ದಾರರ ಒಕ್ಕಲುಗಳಾಗಿ ಉಳಿದರು. 1520ರ ದಶಕದಲ್ಲಿ ಅವರಿಗೆ ಬಲವಂತದ ದೀಕ್ಷಾಸ್ನಾನವಾಯಿತು. ಅಂದಿನಿಂದ ಅವರು 'ಮೊರಿಸ್ಕೊ'ಗಳು: ಇಗರ್ಜಿಯ ದಫ್ತರಿನಲ್ಲಿ ಕ್ರೈಸ್ತರು, ನೆರೆಯವರ ಕಣ್ಣಿನಲ್ಲಿ ಎಂದೆಂದಿಗೂ ಪರಕೀಯರು. ನಮಾಜು ಮಾಡಿದರೆ ಧಾರ್ಮಿಕ ನ್ಯಾಯಮಂಡಳಿಯ ಶಿಕ್ಷೆ, ಮಾಡದಿದ್ದರೂ ತಪ್ಪದ ಸಂಶಯ. ಹೆಸರು ಬದಲಿಸಿಕೊಂಡವರನ್ನೂ ಆ ಸಂಶಯ ಬಿಡಲಿಲ್ಲ.

1609ರ ಸೆಪ್ಟೆಂಬರ್ 22ರಂದು ವಲೆನ್ಸಿಯಾದಲ್ಲಿ ಡಂಗುರ ಸಾರಲಾಯಿತು. ಮೂರು ದಿನಗಳೊಳಗೆ ಹೊರಡಬೇಕು, ಹೊತ್ತೊಯ್ಯಬಲ್ಲಷ್ಟು ಮಾತ್ರ ಒಯ್ಯಬೇಕು. ದೊರೆ ಮೂರನೆಯ ಫಿಲಿಪ್‌ನ ಆಪ್ತ ಮಂತ್ರಿಯಾಗಿ ಈ ನಿರ್ಧಾರದ ಹಿಂದಿದ್ದ ಲೆರ್ಮಾದ ಡ್ಯೂಕ್, ದೇನಿಯಾದ ಮಾರ್ಕ್ವಿಸ್ ಕೂಡ ಆಗಿದ್ದ. ಅಕ್ಟೋಬರ್ ಆರಂಭದಲ್ಲಿ ಮೊದಲ ಹಡಗುಗಳು ಹೊರಟದ್ದು ಅವನ ಈ ಬಂದರಿನಿಂದಲೇ. ಆದೇಶದಲ್ಲಿ ಒಂದು ವಿಚಿತ್ರ ಕಲಮು ಇತ್ತು. ನೂರು ಮನೆಗಳಿದ್ದಲ್ಲಿ ಆರು ಮನೆಯವರು ಉಳಿಯಬಹುದು. ಯಾಕೆ? ಆಲೆಮನೆ, ಭತ್ತದ ಬೆಳೆ, ನೀರಿನ ಕಾಲುವೆಗಳನ್ನು ನೋಡಿಕೊಂಡು, ಹೊಸದಾಗಿ ಬರುವವರಿಗೆ ಕೆಲಸ ಹೇಳಿಕೊಡಲು! ಜನ ಬೇಡ, ಅವರ ಕಸುಬು ಮಾತ್ರ ಬೇಕು ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬರೆದಿಟ್ಟ ಸರಕಾರಗಳು ಚರಿತ್ರೆಯಲ್ಲಿ ವಿರಳ.

ದೇನಿಯಾದ ಹಿಂದಿನ ಲಾಗ್ವಾರ್ ಕಣಿವೆಯಲ್ಲಿ ಸಾವಿರಾರು ಮಂದಿ ಎದ್ದು ನಿಂತರು. ನವೆಂಬರಿನಲ್ಲಿ ಸೈನ್ಯ ಅವರನ್ನು ಅಡಗಿಸಿತು. ವಲೆನ್ಸಿಯಾ ಸೀಮೆ ತನ್ನ ಜನಸಂಖ್ಯೆಯ ಸುಮಾರು ಮೂರನೆಯ ಒಂದು ಭಾಗವನ್ನು ಕಳೆದುಕೊಂಡಿತು. 1614ರ ಹೊತ್ತಿಗೆ ಇಡೀ ಸ್ಪೇನ್‌ನಿಂದ ಹೊರಹಾಕಲ್ಪಟ್ಟವರು ಸುಮಾರು 3 ಲಕ್ಷ. ಒರಾನ್‌ನಲ್ಲಿ ಇಳಿದವರನ್ನು ಅಲ್ಲಿನ ಬುಡಕಟ್ಟುಗಳು ದಾರಿಯಲ್ಲಿ ಸುಲಿದವು. ಸುಲಿದವರೂ ಕಲಿಮಾ ಓದುವವರೇ ಆಗಿದ್ದರು. ಇತ್ತ ಖಾಲಿಯಾದ ಹಳ್ಳಿಗಳಿಗೆ ಮಯೋರ್ಕಾ ದ್ವೀಪದಿಂದ ಒಕ್ಕಲುಗಳನ್ನು ಕರೆತರಬೇಕಾಯಿತು.

ಹೊರಟವರು ಹಡಗಿಗೆ ಹೇರಲಾಗದ್ದು ಅಲ್ಲೇ ಉಳಿಯಿತು. ಸುತ್ತಲಿನ ಬೆನಿಡಾರ್ಮ್, ಬೆನಿಸಾ, ಬೆನಿಮೆಲಿ ಊರುಗಳ 'ಬೆನಿ' ಎಂದರೆ ಅರಬಿಯ 'ಬನೀ', ಇಂಥವರ ಮಕ್ಕಳು ಎಂದರ್ಥ. ಅಕ್ಕಿಗೆ 'ಅರೋಸ್', ಕಾಲುವೆಗೆ 'ಅಸೇಕಿಯಾ' ಎಂಬ ಮಾತುಗಳು ಅರಬಿಯಿಂದ ಬಂದವು. ಸಕ್ಕರೆಗೆ 'ಅಸೂಕರ್', ಕಿತ್ತಳೆಗೆ 'ನರಾಂಹಾ' ಎಂಬ ಮಾತುಗಳ ಬೇರು ನಮ್ಮ ಶರ್ಕರ, ನಾರಂಗದಲ್ಲಿದೆ; ಅವು ಪಾರಸಿ, ಅರಬಿಗಳನ್ನು ದಾಟಿ ಹೋದಂಥವು. ನಾಳೆ ಹವೆ ಚೆನ್ನಾಗಿರಲಿ ಎಂದು ಹಾರೈಸುವ ಸ್ಪೇನಿನ ಅಜ್ಜಿ 'ಓಹಲಾ' ಎನ್ನುತ್ತಾಳೆ. ಅದರೊಳಗೆ ಅಲ್ಲಾಹನ ಹೆಸರು ಅಡಗಿದೆ.

ಪ್ರತಿ ಆಗಸ್ಟ್‌ನಲ್ಲಿ ದೇನಿಯಾದವರು 'ಮೂರರು ಮತ್ತು ಕ್ರೈಸ್ತರು' ಎಂಬ ಉತ್ಸವ ನಡೆಸುತ್ತಾರೆ. ಊರವರೇ ಎರಡು ಪಕ್ಷವಾಗಿ ವೇಷ ತೊಟ್ಟು ಮೆರವಣಿಗೆ ಹೊರಡುತ್ತಾರೆ, ಪ್ರವಾಸಿಗರು ಫೋಟೊ ತೆಗೆಯುತ್ತಾರೆ. ಅದು ಸಂತಸದ ಹಬ್ಬ, ನಮಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ವೇಷದ ಮೂರನಿಗೆ ಸಿಗುವ ಸ್ವಾಗತ ನಿಜದ ಮೊರಿಸ್ಕೊನ ಪಾಲಿಗೆ ಬಂದಿಲ್ಲ. 1492ರಲ್ಲಿ ಹೊರಹಾಕಲ್ಪಟ್ಟ ಯಹೂದಿಗಳ ವಂಶಜರಿಗೆ ಸ್ಪೇನ್ 2015ರ ಕಾನೂನಿನಿಂದ ಪೌರತ್ವದ ಬಾಗಿಲು ತೆರೆಯಿತು. ಅದು ನ್ಯಾಯವೇ. ಮೊರಿಸ್ಕೊಗಳ ವಂಶಜರಿಗೆ ಆ ಕಾನೂನಿನಲ್ಲಿ ಜಾಗ ಸಿಗಲಿಲ್ಲ.

ರಜೆಗೆ ಹೋದವರು ಕಡಲಲ್ಲಿ ಈಜಲಿ, ಸಿಗಡಿ ತಿನ್ನಲಿ. ಒಂದು ದಿನ ಬಿಡುವು ಮಾಡಿಕೊಂಡು ಲಾಗ್ವಾರ್ ಕಣಿವೆಗೂ ಹೋಗಿ, ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಹೊಲಗಳನ್ನು ನೋಡಲಿ. ಅಂದುಲುಸ್ ಎಂದರೆ ಈ ಹೊಲಗಳೂ ಹೌದು ಎಂಬುದನ್ನು ನಾವೂ ನೆನಪಿಡೋಣ.